ಹೆಬ್ಬೆರಳಿನ ಜಿಡ್ಡು

ಮಗಳೇ,

ಪ್ರಬಂಧ ವಾಪಸ್ ತೆಗೆದುಕೊಳ್ಳಬೇಡ. ಬಿಸಿ ಏರಿದಂತೆ ಪರಮಾಣುಗಳು ಅಲುಗಾಡಿ, ನಿನ್ನ ಪ್ರಯೋಗಾಲಯದ ಯಂತ್ರದ ಸೂಜಿ ಅವುಗಳ ಉಬ್ಬುತಗ್ಗನ್ನು ಸಲೀಸಾಗಿ ದಾಟುತ್ತದೆ ಎಂದು ನೀನು ಬರೆದದ್ದೇ ಸರಿ. ಮಂಗಳವಾರ ನಾನು ಅಲ್ಲಿಗೆ ಬಂದಿದ್ದಾಗ ಅದು ತಡವರಿಸಿದ್ದು ನನ್ನ ಬೆರಳಿನ ಜಿಡ್ಡಿನಿಂದ. ನೀನು ತೊಳೆದಿಟ್ಟಿದ್ದ ಉಕ್ಕಿನ ಬಿಲ್ಲೆಯ ಮೇಲೆ ಹೆಬ್ಬೆರಳು ಆಡಿಸಿಬಿಟ್ಟಿದ್ದೆ. ಮೂವತ್ತು ವರ್ಷ ಅಂಗಡಿಯಲ್ಲಿ ಉಕ್ಕು ಪಾಲಿಶ್ ಮಾಡಿದವನ ಚಾಳಿ. ನುಣುಪಾಯಿತೇ ಎಂದು ನೋಡಲು ಕಣ್ಣಿಗಿಂತ ಬೆರಳನ್ನೇ ನಂಬುತ್ತೇನೆ. "ಯಾರಾದ್ರೂ ಮುಟ್ಟಿದ್ರಾ ಅಪ್ಪಾ?" ಎಂದು ನೀನು ಕೇಳಿದಾಗ ಗಡಿಯಾರ ನೋಡಿ, ಬಸ್ಸಿಗೆ ಹೊತ್ತಾಯಿತೆಂದೆ.

ನಿಮ್ಮಮ್ಮನಿಗೆ ಎಲ್ಲ ಹೇಳಿದೆ. "ನೀವು ಪಾಲಿಶ್ ಮಾಡಿಟ್ಟಿದ್ದನ್ನ ಗಿರಾಕಿ ಮುಟ್ಟಿದ್ರೆ ಮೈಮೇಲೆ ಹೋಗ್ತಿದ್ರಲ್ಲ, ಈಗೇನಂತೆ?" ಎಂದಳು.

ಹೊಸ ಬಿಲ್ಲೆ ಕಳಿಸಿದ್ದೇನೆ, ಮತ್ತೊಮ್ಮೆ ಅಳೆದು ನೋಡಮ್ಮ. ತೊಳೆದು, ಚಿಮಟದಲ್ಲಿ ಹಿಡಿದು ಡಬ್ಬಿಗಿಟ್ಟವಳು ನಿಮ್ಮಮ್ಮ. ನಾನು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ.

ನಿನ್ನ ಅಪ್ಪ