ನಮ್ಮ ಓಣ್ಯಾಗ ಒಬ್ಬಾಕಿ ಅದಾಳ

ಪಾರ್ವತಕ್ಕಾ,

ಮೊದಲ ಸಾಲು ಬರೆದು ಅಳಿಸಿದೆ. "ಆರಾಮ ಅದೀರೇನ್ರಿ" ಎಂದು ಬರೆದಿದ್ದೆ. ತೀರಿಕೊಂಡವರನ್ನು ಆರಾಮ ಇದ್ದೀರಾ ಎಂದು ಕೇಳುವ ದಡ್ಡಿ ನಾನೊಬ್ಬಳೇ ಇರಬೇಕು. ನೀವಿದ್ದಾಗ ದಿನಾ ಬೆಳಿಗ್ಗೆ ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ಇದೇ ಮಾತು ಕೇಳುತ್ತಿದ್ದೆ. ನೀವು ದಿನಾ "ಆರಾಮ ಅದೀನಿ" ಎನ್ನುತ್ತಿದ್ದಿರಿ. ನಾನು ದಿನಾ ನಂಬುತ್ತಿದ್ದೆ. ಕಷ್ಟದಲ್ಲಿರುವ ಮನೆಗಳಿಗೆ ಹೋಗಿ, ನಿಮ್ಮ ಮನಸ್ಸು ಹೇಗಿದೆ ಎಂದು ಕೇಳಿ ಬರೆದುಕೊಂಡು ಬರುವುದೇ ನನ್ನ ಕೆಲಸ. ಜೊತೆಯಲ್ಲೇ ಕುಳಿತಿದ್ದ ನಿಮ್ಮನ್ನು ಒಂದು ದಿನವಾದರೂ ಎರಡನೇ ಸಲ ಕೇಳಿದ್ದೆನೇ? ಏಳು ತಿಂಗಳಿಂದ ಇದೊಂದೇ ತಲೆಯಲ್ಲಿ ಸುತ್ತುತ್ತಿದೆ. ನಿಮ್ಮನ್ನು ಬಿಟ್ಟು ಯಾರನ್ನು ಕೇಳಲಿ?

ದೇವದುರ್ಗದಲ್ಲಿ ನನ್ನ ಮೊದಲ ದಿನ ನಿಮಗೆ ನೆನಪಿರಬೇಕು. ಅದು ನಮ್ಮೂರೇ, ನನಗೆ ಕಲಿಸಬೇಕಾದ್ದೇನೂ ಇಲ್ಲ ಎಂಬ ಜಂಬ ನನಗೆ. ಹೊಸ ಟ್ಯಾಬ್ ಹಿಡಿದುಕೊಂಡು ಒಬ್ಬ ಮುದುಕಿಯ ಮುಂದೆ ಕುಳಿತು, ಅದರಲ್ಲಿ ಇದ್ದದ್ದನ್ನು ಇದ್ದ ಹಾಗೇ ಓದಿದೆ: "ಕಳೆದ ಎರಡು ವಾರಗಳಲ್ಲಿ ನಿಮಗೆ ಖಿನ್ನತೆ ಬಂದಿತ್ತೇ?" ಆಕೆ ಬಹಳ ಹೊತ್ತು ಯೋಚಿಸಿ, "ನಮಗಿನ್ನಾ ಬಂದಿಲ್ಲವ್ವಾ. ಹಿಂದಿನ ಓಣಿಯವ್ರಿಗೆ ಬಂದಿರಬೇಕು. ನಮ್ಮ ಹೆಸರೂ ಬರ್ಕೋ, ಬಂದಾಗ ಹೇಳು" ಎಂದಳು. ನಾನು "ಎಂದೂ ಇಲ್ಲ" ಒತ್ತಲು ಬೆರಳೆತ್ತಿದ್ದೆ. ನೀವು ನನ್ನ ಕೈ ಹಿಡಿದು, ಆಕೆಯ ಹತ್ತಿರಕ್ಕೆ ಸರಿದು ಕುಳಿತು, "ಯವ್ವಾ, ಉಂಡದ್ದು ರುಚಿ ಹತ್ತತದೇನು?" ಎಂದು ಕೇಳಿದಿರಿ. ಅಷ್ಟೇ. ಮುಂದೆ ಒಂದು ತಾಸು ಆಕೆ ನಿಲ್ಲಲಿಲ್ಲ. ಮಗ ಹೋದದ್ದು, ಅಂದಿನಿಂದ ನಾಲಿಗೆಗೆ ಉಪ್ಪೂ ಗೊತ್ತಾಗದೆ ಇದ್ದದ್ದು, ಎಲ್ಲ ಬಂತು. ಹೊರಗೆ ಬಂದ ಮೇಲೆ ಗೋಡೆಯ ಮರೆಯಲ್ಲಿ ನಿಂತು ಇಬ್ಬರೂ ನಕ್ಕೆವು, ಆಮೇಲೆ ನಾನು ಅತ್ತೆ. "ಆಫೀಸಿನ ಶಬ್ದ ಆಫೀಸಿನ್ಯಾಗ ಬಿಟ್ಟು ಬಾ ಸುಜಾತಾ" ಎಂದು ನೀವು ನನ್ನ ಬೆನ್ನು ತಟ್ಟಿದಿರಿ.

ತರಬೇತಿಯಲ್ಲಿ ನಮ್ಮ ಸರ್ ಹೇಳಿದ ನಿಯಮ ಒಂದಿತ್ತಲ್ಲ, ಉತ್ತರ ಕೊಡುವವರು ತಮ್ಮ ಬಗ್ಗೆ ಹೇಳಿದ್ದನ್ನು ಮಾತ್ರ ಬರೆಯಬೇಕು, ಮಂದಿಯ ಸುದ್ದಿ ಬರೆಯಬಾರದು ಎಂದು. ಎಲ್ಲರೂ ತಲೆಯಾಡಿಸಿದರು. ನೀವೊಬ್ಬರೇ ಎದ್ದು ನಿಂತಿರಿ. "ನಮ್ಮ ಹೆಣ್ಮಕ್ಕಳು ತಮ್ಮ ಸುದ್ದಿ ತಾವು ಹೇಳಂಗಿಲ್ರಿ ಸರ್. ನಮ್ಮ ಓಣ್ಯಾಗ ಒಬ್ಬಾಕಿ ಅದಾಳ ಅಂತ ಸುರು ಮಾಡ್ತಾರ. ಆ ಒಬ್ಬಾಕಿ ಯಾರಂತೀರಿ? ಅಲ್ಲೇ ಮುಂದ ಕುಂತಿರ್ತಾಳ." ಸರ್ ನಕ್ಕು ಮುಂದಿನ ಪಾಠಕ್ಕೆ ಹೋದರು. ನನಗೆ ಮಾತ್ರ ನೀವು ಮತ್ತೆ ಮತ್ತೆ ಹೇಳಿದಿರಿ: ಒಬ್ಬಾಕಿ ಎಂಬ ಮಾತು ಬಂದರೆ ಟ್ಯಾಬ್ ಕೆಳಗಿಡು, ಆಕೆ ಯಾರು ಎಂದು ಮಾತ್ರ ಕೇಳಬೇಡ, ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತದೆ. ನಾನು ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನಿಮ್ಮ ವಿಷಯದಲ್ಲಿ ಬಿಟ್ಟು.

ಮಾನ್ವಿಯಿಂದ ವಾಪಸ್ ಬರುವಾಗ, ಬಸ್ಸು ಕಲ್ಮಲ ದಾಟಿತ್ತು, ನೀವು ಕಿಟಕಿಯ ಕಡೆ ನೋಡುತ್ತಲೇ ಹೇಳಿದಿರಿ: "ನಮ್ಮ ಓಣ್ಯಾಗ ಒಬ್ಬಾಕಿ ಅದಾಳ. ಹಸನ ಮಾಡಿದ ಅಕ್ಕಿನ ಮತ್ತ ಮತ್ತ ಹಸನ ಮಾಡ್ತಾಳ. ಮಾತಾಡಾಕ ಮನ್ಯಾಗ ಮಂದಿ ಇಲ್ಲ." ನಾನು ಪರೀಕ್ಷೆಗೆ ಉತ್ತರ ಹೇಳುವವಳ ಹಾಗೆ, ಅದು ಚಿಂತೆಯ ಲಕ್ಷಣ ಅಕ್ಕಾ ಎಂದೆ. ಹೇಳಿ, ಎಂದಿನಂತೆ ನಿಮ್ಮ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದೆ. ಎರಡನೇ ಸಲ ಊಟದ ಡಬ್ಬಿ ಬಿಚ್ಚುವಾಗ ಹೇಳಿದಿರಿ. ಮೂರನೇ ಸಲ, "ಆಕಿ ಕಡಿ ಯಾರರ ಹೋಗಿ ಕುಂಡ್ರಬೇಕು ನೋಡು" ಎಂದಾಗ ನಾನು ಫಾರಂಗಳನ್ನು ಕಳಿಸುವ ಗಡಿಬಿಡಿಯಲ್ಲಿದ್ದೆ. ಹ್ಞೂಂ ಅಕ್ಕಾ ಎಂದೆ. ತಲೆ ಕೂಡ ಎತ್ತಲಿಲ್ಲ.

ಅದಾಗಿ ಎಂಟು ದಿನಕ್ಕೆ ಬಿಪಿ ಏರಿ ನೀವು ಬಿದ್ದಿರಿ. ಮೂರು ದಿನ ಆಸ್ಪತ್ರೆಯಲ್ಲಿ ಕಣ್ಣು ತೆರೆಯಲಿಲ್ಲ. ಮಣ್ಣು ಮುಗಿಸಿ ಮನೆಗೆ ಬಂದಾಗ ನಿಮ್ಮ ತಮ್ಮನ ಹೆಂಡತಿ, ಯಾರೋ ಕೇಳಿದ್ದಕ್ಕೆ, "ನಿದ್ದಿನೇ ಮಾಡ್ತಿದ್ದಿಲ್ರಿ ನಮ್ಮ ನಾದಿನಿ" ಎಂದು ಅಳುತ್ತಲೇ ಹೇಳಿದಳು. ಅಲ್ಲೇ ನನಗೆ ಹೊಳೆಯಿತು. ಆ ಒಬ್ಬಾಕಿ ನೀವೇ. ಮೂರು ಸಲ ನನ್ನ ಮುಂದೆ ಬಂದು ನಿಂತಿರಿ, ನಾನು ಮೂರು ಸಲವೂ ದಾಟಿ ಹೋದೆ. ಸಿಟ್ಟು ನಿಮ್ಮ ಮೇಲೂ ಬಂತು, ಸುಳ್ಳು ಹೇಳುವುದಿಲ್ಲ. ನನಗೆ ಬಿಡಿಸಿ ಹೇಳಲು ನಿಮಗೇನಾಗಿತ್ತು? ನಾನೇನು ಹೊರಗಿನವಳೇ? ಅಥವಾ ಪಾಠ ಎಷ್ಟು ಕಲಿತಿದ್ದಾಳೆ ನೋಡೋಣ ಎಂದು...

ಹೋದ ತಿಂಗಳು ಹಿರೇಕೊಟ್ನೆಕಲ್‌ಗೆ ಹೋಗಿದ್ದೆ, ಒಬ್ಬಳೇ. ಹುಲಿಗೆಮ್ಮ ಎಂಬಾಕೆಯ ಮನೆ. ಗಂಡ ಲಾರಿಯಿಂದ ಚೀಲ ಇಳಿಸುವಾಗ ಬಿದ್ದು ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾನೆ. ಎಲ್ಲ ಪ್ರಶ್ನೆಗೂ ಆಕೆಯ ಉತ್ತರ ಒಂದೇ, "ಆರಾಮ ಅದೀನ್ರಿ." ನಾನು ಏಳುವ ಹೊತ್ತಿಗೆ ಸೆರಗು ಹಿಂಡುತ್ತ, "ನಮ್ಮ ಓಣ್ಯಾಗ ಒಬ್ಬಾಕಿ ಅದಾಳ್ರಿ" ಎಂದಳು. "ಒಲಿ ಮುಂದ ಕುಂತ್ರ ಕುಂತಾಂಗ ಇರ್ತಾಳ. ಬ್ಯಾಳಿ ಹೊತ್ತಿದ್ರೂ ಖಬರ ಇರಂಗಿಲ್ಲ. ನಾ ಇಲ್ಲಂದ್ರ ಈ ಮನಿಗೆ ಚಲೋ ಆಗ್ತದ ಅಂತಾಳ." ಆಕೆಯ ಹಿಂದೆ ಒಲೆಯ ಪಕ್ಕ ಒಂದು ಪಾತ್ರೆ ಇತ್ತು, ತಳವೆಲ್ಲ ಸುಟ್ಟು ಕರ್ರಗಾಗಿತ್ತು. ಟ್ಯಾಬ್ ಕೆಳಗಿಟ್ಟೆ ಅಕ್ಕಾ. ಮತ್ತೊಮ್ಮೆ ಅದೇ ಆಗುವುದೇ?

ಹೊರಗೆ ಬಂದು ಸರ್‌ಗೆ ಫೋನ್ ಮಾಡಿದೆ. ಆಸ್ಪತ್ರೆಗೆ ಕಳಿಸುವ ಚೀಟಿ ಕೊಡಬೇಕಾದರೆ ಆಕೆ ತನ್ನ ಬಾಯಿಂದ ತನ್ನ ಬಗ್ಗೆ ಹೇಳಬೇಕು, ನೇರವಾಗಿ ಕೇಳಿಬಿಡಿ ಎಂದರು. ಅವರದೂ ತಪ್ಪಲ್ಲ, ನಿಯಮ ಹಾಗಿದೆ. ಆದರೆ ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತದೆ ಎಂದವರು ನೀವು. ಕೇಳದೆ ಬಿಟ್ಟು ನಿಮ್ಮನ್ನು ಕಳೆದುಕೊಂಡವಳು ನಾನು. ಯಾರ ಮಾತು ಹಿಡಿಯಲಿ? ಬಿಸಿಲಲ್ಲಿ ನಿಂತು ನಿಮ್ಮ ನಂಬರು ಒತ್ತಿದೆ, ಗೊತ್ತಿದ್ದೂ. ಕೊನೆಗೆ ಚೀಟಿಯಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು ಒಳಗೆ ಹೋದೆ. "ಇದನ್ನ ಆಕಿಗೆ ಕೊಡ್ರಿ. ನಾಳಿ ಮಂಗಳವಾರ, ಮಾನ್ವಿ ದವಾಖಾನಿಗೆ ರಾಯಚೂರಿಂದ ಡಾಕ್ಟರ್ ಬರ್ತಾರ. ಒಬ್ಬಾಕಿನೇ ಬರಾಕ ಅಂಜಿಕಿ ಆದ್ರ ನೀವೂ ಜೋಡಿ ಬರ್ರಿ. ನಾ ಅಲ್ಲೇ ಇರ್ತೀನಿ" ಎಂದೆ. ಹುಲಿಗೆಮ್ಮ ಚೀಟಿಯನ್ನು ಮಡಚಿ ಕುಪ್ಪಸದಲ್ಲಿ ಇಟ್ಟುಕೊಂಡಳು.

ಮಂಗಳವಾರ ಬೆಳಿಗ್ಗೆಯಿಂದ ಮಾನ್ವಿಯ ಆಸ್ಪತ್ರೆಯ ಬಾಗಿಲಲ್ಲೇ ನಿಂತಿದ್ದೆ. ಹನ್ನೊಂದರ ಹೊತ್ತಿಗೆ ಹುಲಿಗೆಮ್ಮ ಬಂದಳು, ಸೊಂಟದ ಮೇಲೆ ಒಂದು ಕೂಸು. ಹಿಂದೆ ಸಣ್ಣ ವಯಸ್ಸಿನ ಒಬ್ಬ ಹೆಣ್ಣುಮಗಳು, ನೆಲ ನೋಡುತ್ತ. "ಈಕಿನ್ರಿ ಆಕಿ" ಎಂದಳು ಹುಲಿಗೆಮ್ಮ. "ಬಾಜು ಮನಿ ಸೊಸಿ. ಬಾಣಂತನ ಆದಾಗಿಂದ ಹಿಂಗ ಅದಾಳ. ನೀರಮಾನ್ವಿ ಎಲ್ಲಮ್ಮಗ ಎರಡು ಸಲ ಹೋಗಿ ಬಂದ್ವಿ." "ಮತ್ತ ನಿಮ್ಮನ್ಯಾಗಿನ ಆ ಸುಟ್ಟ ಪಾತ್ರಿ?" ಎಂದು ಕೇಳಿಯೇಬಿಟ್ಟೆ. "ಅದಾ? ನಮ್ಮತ್ತಿ ಸುಟ್ಟಾಳ್ರಿ. ಆಕಿಗೆ ಕಣ್ಣು ಕಾಣಂಗಿಲ್ಲ" ಎಂದಳು. ಡಾಕ್ಟರು ಆ ಹುಡುಗಿಯ ಜೊತೆ ಬಹಳ ಹೊತ್ತು ಮಾತಾಡಿದರು, ಗುಳಿಗೆ ಕೊಟ್ಟರು, ಮುಂದಿನ ವಾರ ಗಂಡನನ್ನೂ ಕರೆದುಕೊಂಡು ಬಾ ಎಂದರು. ಸರ್‌ಗೆ ಎಲ್ಲ ಹೇಳಿದೆ. ಫಾರಂನಲ್ಲಿ ಈಗ ಹೊಸ ಪ್ರಶ್ನೆ ಸೇರಿದೆ: ನಿಮ್ಮ ಓಣಿಯಲ್ಲಿ ಯಾರಿಗಾದರೂ ಹೀಗಾಗಿದೆಯೇ? ತರಬೇತಿಯ ದಿನ ನೀವು ಎದ್ದು ನಿಂತದ್ದು ಅವರಿಗೂ ನೆನಪಿತ್ತು.

ವಾಪಸ್ ಬರುವ ಬಸ್ಸಿನಲ್ಲಿ ನನ್ನ ತಲೆ ಪೂರ್ತಿ ಕೆಟ್ಟುಹೋಯಿತು. ಹುಲಿಗೆಮ್ಮನ ಒಬ್ಬಾಕಿ ನಿಜವಾಗಿಯೂ ಬೇರೆಯವಳಾದರೆ, ನಿಮ್ಮ ಒಬ್ಬಾಕಿ? ನೀವು ನಿಮ್ಮ ಸಂಕಟ ಹೇಳಿಕೊಳ್ಳುತ್ತಿದ್ದಿರೋ, ಇನ್ನೊಬ್ಬಳಿಗಾಗಿ ನನ್ನನ್ನು ಕರೆಯುತ್ತಿದ್ದಿರೋ? ಆರು ತಿಂಗಳು ನಿಮಗಾಗಿ ಅಳುತ್ತ ಕುಳಿತೆನಲ್ಲ, ಅಷ್ಟು ದಿನವೂ ಆಕೆ ಅಲ್ಲೇ ಇದ್ದಳೇ?

ಇಳಿದವಳೇ ನಿಮ್ಮ ಓಣಿಗೆ ನಡೆದೆ. ಅಕ್ಕಿಯನ್ನು ಮತ್ತೆ ಮತ್ತೆ ಆರಿಸುವಾಕೆ ಯಾರು ಎಂದು ಕೇಳಿದ್ದಕ್ಕೆ ನಿಮ್ಮ ತಮ್ಮನ ಹೆಂಡತಿ ತುದಿಯಲ್ಲಿದ್ದ ಶಾಂತಮ್ಮನ ಮನೆ ತೋರಿಸಿದಳು. ಶಾಂತಮ್ಮ ಬಾಗಿಲು ತೆರೆದಾಗ ಒಳಗೆ ಮೊರದಲ್ಲಿ ಅಕ್ಕಿ ಇತ್ತು, ಒಂದು ಕಲ್ಲೂ ಇಲ್ಲದ ಬಿಳಿ ಅಕ್ಕಿ. ಒಳಕೋಣೆಯಲ್ಲಿ ಮಾತು ಬಾರದ, ಎದ್ದು ಕೂರಲಾರದ, ಬೆಳೆದು ದೊಡ್ಡವಳಾದ ಮಗಳು ಮಲಗಿದ್ದಳು. ಇದ್ದಾಳೆ ಅಕ್ಕಾ, ನಿಮ್ಮ ಒಬ್ಬಾಕಿ ಇದ್ದಾಳೆ. ನಿಮ್ಮ ಹೆಸರು ಹೇಳಿದ ಕೂಡಲೇ ಆಕೆಯ ಕಣ್ಣು ತುಂಬಿತು. "ಪಾರ್ವತಿ ದಿನಾ ಸಂಜಿಗೆ ಬಂದು ಕುಂಡ್ರತಿದ್ಲು. ಆಕಿ ಹೋದ ಮ್ಯಾಲ ಈ ಹೊಸ್ತಿಲಾ ಯಾರೂ ತುಳಿದಿಲ್ಲವ್ವಾ" ಎಂದಳು. ನೆಲ ನನ್ನನ್ನು ನುಂಗಬಾರದೇ ಎನಿಸಿತು. ಹಾಗಾದರೆ ನೀವು ಆರಾಮವೇ ಇದ್ದಿರಾ ಎಂದು, ಆ ನಾಚಿಕೆಯ ಒಳಗೇ ಒಂದು ಸಮಾಧಾನವೂ ಆಯಿತು. ಅದು ಬಹಳ ಹೊತ್ತು ಉಳಿಯಲಿಲ್ಲ.

ಚಹಾ ಕೊಟ್ಟು ನನ್ನ ಮುಖವನ್ನೇ ನೋಡುತ್ತ ಶಾಂತಮ್ಮ ಕೇಳಿದಳು: "ನಮ್ಮ ಆಫೀಸಿನ್ಯಾಗ ಒಬ್ಬಾಕಿ ಅದಾಳ ಅಂತ ಪಾರ್ವತಿ ಭಾಳ ಹೇಳ್ತಿದ್ಲು. ಮಂದಿ ದುಃಖ ಕೇಳಿ ಕೇಳಿ ಆಕಿಗೆ ನಿದ್ದಿನೇ ಹತ್ತವಲ್ದು, ಎದಿ ಮ್ಯಾಲ ಕಲ್ಲು ಇಟ್ಟಂಗ ಆಗ್ತದ ಅಂತ ಹೇಳಿ ಅಳ್ತಿದ್ಲು. ಅದು ನೀನೇ ಏನವ್ವಾ?"

ನಮ್ಮ ಆಫೀಸಿನಲ್ಲಿ ಊರೂರಿಗೆ ಹೋಗುವ ಹೆಂಗಸರು ನಾವಿಬ್ಬರೇ. ಆಗ ನನಗೆ ಬಸ್ಸಿನಲ್ಲೂ ನಿದ್ದೆ ಬರುತ್ತಿತ್ತು, ನಿಮ್ಮ ಹೆಗಲೇ ಸಾಕ್ಷಿ. ಆಕೆಯ ಸುದ್ದಿ ನನ್ನ ಮುಂದೆ, ನಿಮ್ಮ ಸುದ್ದಿ ಆಕೆಯ ಮುಂದೆ. ನಿಮ್ಮ ಹೆಸರು ಮಾತ್ರ ಎಲ್ಲೂ ಇಲ್ಲ. ಹೀಗೂ ಮಾಡುತ್ತಾರೆಯೇ ಅಕ್ಕಾ? ನಾನು ಏನು ಹೇಳಬೇಕಿತ್ತು? ನೀವು ಮುಚ್ಚಿಟ್ಟದ್ದನ್ನು ತೆರೆಯಲೇ, ಸುಳ್ಳು ಹೇಳಲೇ? "ಹೌದ್ರಿ, ನಾನೇ" ಎಂದುಬಿಟ್ಟೆ. ಶಾಂತಮ್ಮ ನನ್ನ ಕೈ ಹಿಡಿದುಕೊಂಡು, "ಈಗರ ನಿದ್ದಿ ಹತ್ತತದೇನು?" ಎಂದು ಕೇಳಿದಳು. ಇಲ್ಲ ಎಂದೆ. ನೀವು ಹೋದ ದಿನದಿಂದ ಇಲ್ಲ. ಹೇಳಿದ ಮೇಲೆ ಗೊತ್ತಾಯಿತು, ನಾನು ಹೇಳಿದ್ದರಲ್ಲಿ ಸುಳ್ಳು ಏನೂ ಉಳಿದಿರಲಿಲ್ಲ.

ಈಗ ವಾರಕ್ಕೆ ಮೂರು ಸಂಜೆ ಹೋಗುತ್ತೇನೆ. ಶಾಂತಮ್ಮನನ್ನು ಡಾಕ್ಟರ ಹತ್ತಿರ ಬರಲು ಒಪ್ಪಿಸಿದ್ದೇನೆ, ಬರುವ ಸೋಮವಾರ ನಿಮ್ಮ ತಮ್ಮನ ಹೆಂಡತಿ ಮಗಳ ಹತ್ತಿರ ಕೂರುತ್ತಾಳೆ. ಆದರೆ ಶಾಂತಮ್ಮ ಒಂದು ಷರತ್ತು ಹಾಕಿದ್ದಾಳೆ, ನಾನೂ ಚೀಟಿ ತೆಗೆಸಿ ಆಕೆಯ ಪಕ್ಕದಲ್ಲಿ ಸಾಲಿನಲ್ಲಿ ಕೂರಬೇಕಂತೆ. ಕೂರುತ್ತೇನೆ ಅಕ್ಕಾ. ಡಾಕ್ಟರು ಯಾರಿಗೆ ತೋರಿಸಬೇಕು ಎಂದು ಕೇಳಿದರೆ, ನನಗೆ ಎಂದು ಹೇಳುತ್ತೇನೆ.

ನಿಮ್ಮ
ಸುಜಾತಾ