ಸದ್ದಿಲ್ಲದ ಕುಣಿತಕ್ಕೆ ಒಪ್ಪಿಗೆ ಕೋರಿ

ಕೆಳಮನೆಯ ಯಜಮಾನರಿಗೆ, ಮೇಲ್ಮನೆಯ ದರ್ಜಿಯ ನಮಸ್ಕಾರಗಳು.

ಭಾನುವಾರ ಸಂಜೆ ನಮ್ಮ ದೊಡ್ಡ ಕೋಣೆಯಲ್ಲಿ ತಮ್ಮನ ಗೆಳೆಯರು ಅವನ ನೆನಪಿಗೆ ಕುಣಿಯಬೇಕು ಅನ್ನುತ್ತಿದ್ದಾರೆ. ಮನೆ ನಿಮ್ಮದು, ನೀವು ಒಪ್ಪಿದರೆ ಮಾತ್ರ. ಸ್ಪೀಕರ್ ಇರುವುದಿಲ್ಲ. ಎಲ್ಲರೂ ಹೆಡ್‌ಫೋನ್ ಹಾಕಿಕೊಂಡು ಒಂದೇ ಸಂಗೀತ ಕೇಳುತ್ತ ಬರಿಗಾಲಲ್ಲಿ ಕುಣಿಯುತ್ತಾರೆ. ಅಂಥ ಕೂಟಗಳಿಗೆ ಹೌಸ್ ಎಂಬ ಕುಣಿತದ ಸಂಗೀತ ಆರಿಸಿ ನುಡಿಸುವುದೇ ಅವನ ಕೆಲಸವಾಗಿತ್ತು.

ಈ ಸಲ ನಾನೇ ಆರಿಸಿದ್ದೇನೆ. ಮಾತಿರುವ ಹಾಡುಗಳನ್ನು ಬಿಟ್ಟೆ. ಹೆಡ್‌ಫೋನ್ ಹಾಕಿಕೊಂಡವರಿಗೆ ತಮ್ಮ ದನಿ ಕೇಳುವುದಿಲ್ಲ, ಜೊತೆಗೆ ಹಾಡಲು ಹೋಗಿ ಕಿರುಚುತ್ತಾರೆ. ಕುಣಿಯುವವರನ್ನು ಎಗರಿ ಎಗರಿ ಹಾರಿಸುವಂಥವನ್ನೂ ತೆಗೆದೆ. ಉಳಿದವು ಒಂದೇ ಹದದಲ್ಲಿ ಸಾಗುತ್ತವೆ. "ನೀನು ಪರದೆ ಅಂಚು ಹೊಲಿಯೋವಾಗ ಮಷೀನು ಹೀಗೇ ಓಡುತ್ತೆ ಕಣೇ ಅಕ್ಕ" ಎಂದು ತಮ್ಮ ಇವನ್ನು ನನಗೆ ಕೇಳಿಸುತ್ತಿದ್ದ. ಆಗ ನಾನು ಕಿವಿಗೊಟ್ಟು ಕೇಳಿರಲಿಲ್ಲ.

ಅವನ ಸ್ಪೀಕರಿನ ಸದ್ದಿಗೆ ನೀವು ಕೆಳಗಿನಿಂದ ಕೋಲಲ್ಲಿ ಸೂರು ತಟ್ಟುತ್ತಿದ್ದಿರಿ. "ತಟ್ಟಿ ತಟ್ಟಿ ಯಜಮಾನರಿಗೂ ತಾಳ ಬಂತು" ಎಂದು ಅವನು ನಗುತ್ತಿದ್ದ. ಅವನು ಹೋದ ಮೇಲೆ, ಮೊನ್ನೆ ಮೆಟ್ಟಿಲ ಮೇಲೆ ನೀವು, "ಮೇಲೆ ಸದ್ದೇ ಇಲ್ವಲ್ಲಮ್ಮ, ನಂಗೆ ನಿದ್ದೆನೇ ಹತ್ತಲ್ಲ" ಅಂದಿರಿ.

ಭಾನುವಾರ ಕಾಲಸಪ್ಪಳ ಹೆಚ್ಚಾದರೆ ಸೂರು ತಟ್ಟಬೇಡಿ, ನಮಗೆ ಯಾರಿಗೂ ಕೇಳಿಸುವುದಿಲ್ಲ. ಮೇಲೆ ಬಂದುಬಿಡಿ. ಅವನ ಹೆಡ್‌ಫೋನನ್ನು ನಿಮಗಾಗಿ ಬಾಗಿಲ ಹಿಡಿಗೆ ತೂಗುಹಾಕಿರುತ್ತೇನೆ.

ಇಂತಿ,
ಅವನ ಅಕ್ಕ