ನಿಂಗಮ್ಮನ ಪ್ರಾರ್ಥನೆ

ತಿಪಟೂರು
ಭಾನುವಾರ, 12 ಫೆಬ್ರವರಿ 1978

ಪ್ರೀತಿಯ ಸುಗುಣಾ,

ನೀನು ತೀರಿಕೊಂಡು ಐದು ತಿಂಗಳಾಯಿತು. ಈ ಕಾಗದ ನಿನ್ನನ್ನು ತಲುಪುವುದಿಲ್ಲವೆಂದು ಗೊತ್ತು. ಆದರೂ ಇಂದಿನ ಸಂತೋಷವನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಚರ್ಚಿನಲ್ಲಿ ಆರಾಧನೆ ಮುಗಿಯುವ ಹೊತ್ತಿಗೆ, ಕೊಬ್ಬರಿ ಸುಲಿಯುವ ನಮ್ಮ ನಿಂಗಮ್ಮ ಎದ್ದು ನಿಂತಳು. ದೀಕ್ಷಾಸ್ನಾನವಾಗಿ ಆರು ವರ್ಷವಾದರೂ ಸಭೆಯಲ್ಲಿ ಬಾಯಿ ತೆರೆದವಳಲ್ಲ. "ಅಯ್ನೋರೇ, ನಾನೊಂದು ಪ್ರಾರ್ಥನೆ ಮಾಡ್ಲಾ?" ಎಂದಳು. ಸಭಾಪಾಲಕನೆಂದು ಎಲ್ಲರ ಪರವಾಗಿ ನಾನೇ ಪ್ರಾರ್ಥಿಸಿ ಅಭ್ಯಾಸ. ಒಂದು ಗಳಿಗೆ ತಡೆದು ತಲೆಯಾಡಿಸಿದೆ.

ಅವಳು ಪ್ರಾರ್ಥಿಸಿದ್ದು ಪಕ್ಕದ ಮನೆಯ ಪುಟ್ಟಗೌರಮ್ಮನಿಗಾಗಿ. ಬೇಲಿಯ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟು ವರ್ಷವಾಗಿತ್ತು.

"ಸ್ವಾಮೀ, ಗೌರಮ್ಮನ ಮುರಿದ ಕಾಲು ನೆಟ್ಟಗಾಗ್ಲಿ. ಅಲ್ಲೀಗಂಟ ಅವಳ ಮನೆಗೆ ನಾನೇ ನೀರು ಹೊತ್ಕೊಡ್ತೀನಿ. ಅವಳು ಬೈದ್ರೂ ನಂಗೆ ಸಿಟ್ಟು ಬರ್ದಂಗೆ ನೋಡ್ಕೋ."

ನನ್ನ ಕಣ್ಣು ತುಂಬಿ ಬಂತು. ನನ್ನ ಯಾವ ಉಪದೇಶವೂ ಅವಳನ್ನು ಇಷ್ಟು ದೂರ ತಂದಿರಲಾರದು. ಹೊರಗೆ ಬಂದ ಮೇಲೆ ಕೇಳಿದೆ, "ಹಿಂಗೆ ಪ್ರಾರ್ಥನೆ ಮಾಡೋದು ಯಾರು ಹೇಳ್ಕೊಟ್ರು, ನಿಂಗಮ್ಮ?"

"ನಮ್ಮ ಸುಗುಣಮ್ಮಾವ್ರೇ ಕಣ್ರೀ ಅಯ್ನೋರೇ. ನಾವು ಸುಲಿಯೋ ಜಾಗಕ್ಕೇ ಬಂದು, ಕಾಯಿಸಿಪ್ಪೆ ಮೇಲೆ ಕೂತ್ಕೊಂಡು, ಒಬ್ಬೊಬ್ರ ಹೆಸ್ರೂ ಹೇಳಿ ಪ್ರಾರ್ಥನೆ ಮಾಡೋರು. ಕೇಳೋಕೆ ಎಷ್ಟು ಚೆಂದ! ಮನೇಲೂ ಹಂಗೇ ಮಾಡ್ತಿದ್ರು ಅಲ್ವಾ?"

ಇಪ್ಪತ್ತೆರಡು ವರ್ಷ ನಮ್ಮ ಮನೆಯಲ್ಲಿ ಪ್ರಾರ್ಥಿಸಿದವನು ನಾನು. ನೀನು ಆಮೆನ್ ಎಂದಷ್ಟೇ ಹೇಳಿದವಳು.

"ಹೌದು ನಿಂಗಮ್ಮ" ಎಂದೆ.

ನಿನ್ನ
ಸತ್ಯದಾಸ